ಮಾರಾಟಕ್ಕಿಡದ ಹೊಲಕ್ಕೆ ಅಂಚೆಯ ದಾರಿ

ನಿವೃತ್ತಿಯ ಹಣವೋ ಮಕ್ಕಳ ಉಳಿತಾಯವೋ ಕೈಗೆ ಬಂದಾಗ ನಮ್ಮ ಭಾಗದ ಕುಟುಂಬಗಳು ಮೊದಲು ನೆನೆಯುವುದು ಮಣ್ಣನ್ನು. ಆದರೆ ಪೇಟೆಗೆ ಬಂದ ಹೊಲದ ಬೆಲೆಯನ್ನು ದಲ್ಲಾಳಿಗಳು ಅದಾಗಲೇ ಏರಿಸಿರುತ್ತಾರೆ. ಆದುದರಿಂದ ಮಾರಾಟಕ್ಕಿದೆಯೆಂದು ಇನ್ನೂ ಯಾರೂ ಸಾರದ ಆಸ್ತಿಯ ಒಡೆಯರಿಗೆ ನೇರವಾಗಿ ಪತ್ರ ಬರೆದು ವಿಚಾರಿಸಬಹುದೇ ಎಂದು ಕೆಲವರು ಬಂಧುಗಳು ನಮ್ಮನ್ನು ಕೇಳಿದ್ದಾರೆ. ಅಮೆರಿಕದಲ್ಲಿ ಈ ವ್ಯವಹಾರಕ್ಕೆ ಹೊಸದಾಗಿ ಇಳಿದವರು ಹಿಡಿಯುವ ದಾರಿಗಳಲ್ಲಿ ಇದೂ ಒಂದು. ಪರಸ್ಥಳದಲ್ಲಿರುವ ಒಡೆಯರು, ಹಿರಿಯರಿಂದ ಮನೆ ಬಂದವರು, ತೆರಿಗೆ ಬಾಕಿ ಉಳಿಸಿಕೊಂಡವರು, ಇಂಥವರ ವಿಳಾಸಗಳ ಪಟ್ಟಿಯನ್ನೇ ಅಲ್ಲಿ ಹಣ ಕೊಟ್ಟು ಪಡೆಯುತ್ತಾರೆ. ನೂರಾರು ಕಾರ್ಡು ಹಾಕಿ ಬೆರಳೆಣಿಕೆಯ ಉತ್ತರಗಳಿಗಾಗಿ ಕಾಯುತ್ತಾರೆ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಅಂಥ ಪಟ್ಟಿಯನ್ನು ಹುಡುಕಬೇಕಾಗಿಲ್ಲ. ಪಹಣಿಯೇ ಪಟ್ಟಿ. ಸರ್ವೆ ನಂಬರು ತಿಳಿದ ಯಾರೂ ಅದನ್ನು ಪಡೆಯಬಹುದು. ಈ ಮೂರೂ ತಾಲೂಕುಗಳಲ್ಲಿ ಮಳೆಯನ್ನೇ ನಂಬಿದ ತೊಗರಿ, ಜೋಳದ ಎರೆ ಹೊಲಗಳು ಬಹಳ. ದುಡಿಮೆಗಾಗಿ ಸೊಲ್ಲಾಪುರ, ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ಹೋಗಿ ಅಲ್ಲಿಯೇ ನೆಲೆಸಿದವರ ಹೊಲಗಳನ್ನು ಅಣ್ಣತಮ್ಮಂದಿರು ಉಳುತ್ತಿರುತ್ತಾರೆ, ಇಲ್ಲವೇ ಪಾಲಿಗೆ ಕೊಟ್ಟಿರುತ್ತಾರೆ. ಮಾರುವ ಯೋಚನೆ ಮನಸ್ಸಿನ ಮೂಲೆಯಲ್ಲಿದ್ದರೂ ಬಾಯಿಗೆ ಬಂದಿರುವುದಿಲ್ಲ. ಪತ್ರವು ಮುಟ್ಟಬೇಕಾದುದು ಇಂಥವರನ್ನು.

ಪಹಣಿಯ 9ನೆಯ ಕಲಮಿನಲ್ಲಿ ಸ್ವಾಧೀನದಾರರ ಹೆಸರೂ, 10ನೆಯದರಲ್ಲಿ ಅದು ಅವರಿಗೆ ಬಂದ ಬಗೆಯೂ, 11ನೆಯದರಲ್ಲಿ ಇತರರ ಹಕ್ಕು ಮತ್ತು ಸಾಲಗಳೂ, 12ನೆಯದರಲ್ಲಿ ಸಾಗುವಳಿದಾರರ ಹೆಸರೂ ಇರುತ್ತವೆ. ಹೊಸಬರು 9ನ್ನು ಓದಿ ಪತ್ರ ಬರೆದುಬಿಡುತ್ತಾರೆ. ಎಷ್ಟೋ ಪಹಣಿಗಳಲ್ಲಿ ಲಿಂಗೈಕ್ಯರಾಗಿ ಇಪ್ಪತ್ತು ವರ್ಷ ಕಳೆದ ಅಜ್ಜನ ಹೆಸರೇ ಉಳಿದಿರುತ್ತದೆ. ವಾರಸುದಾರರು ಪೌತಿ ಖಾತೆ ಮಾಡಿಸಿರುವುದಿಲ್ಲ. ತೀರಿಹೋದವರ ಹೆಸರಿಗೆ ಹಳ್ಳಿಯ ವಿಳಾಸದಲ್ಲಿ ಬಂದ ಪತ್ರವನ್ನು ಒಡೆಯುವವನು ಊರಲ್ಲಿರುವ ಮಗ. ಹೊಲ ಉಳುತ್ತಿರುವವನು ಅವನೇ ಆಗಿದ್ದರೆ ಪತ್ರ ಒಲೆಗೆ ಹೋಗುವುದು. ಇಲ್ಲವೆ, ಪುಣೆಯ ಅಣ್ಣನು ತನಗೆ ತಿಳಿಸದೆ ಮಾರಲು ಹೊರಟಿದ್ದಾನೆಂದು ಮನೆಯಲ್ಲಿ ಕಲಹ ಹುಟ್ಟುವುದು. ಆದಕಾರಣ ಲೇಖನಿ ಹಿಡಿಯುವ ಮುನ್ನ ಊರಿಗೆ ಹೋಗಿ ವಂಶಾವಳಿಯನ್ನು ಕೇಳಿ ಬರೆದುಕೊಳ್ಳತಕ್ಕದ್ದು. ಪರಸ್ಥಳದವರ ವಿಳಾಸವೂ ಅಲ್ಲಿಯೇ ಸಿಕ್ಕೀತು.

ಆ ವಂಶಾವಳಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದೇ ಹೆಚ್ಚು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಆಗ ಅವಿವಾಹಿತರಾಗಿದ್ದ ಹೆಣ್ಣುಮಕ್ಕಳಿಗೆ ಕರ್ನಾಟಕವು 1994ರಲ್ಲಿಯೇ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ವಿವಾಹಿತರಿಗೂ ಅದನ್ನು ವಿಸ್ತರಿಸಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರದಿದ್ದರೂ ಮಗಳ ಹಕ್ಕು ಉಳಿಯುವುದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ನಿರ್ಣಯಿಸಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ವಾಟಣಿಯಾಗಿದ್ದರೆ ಮಾತು ಬೇರೆ. ತಂಗಿಯ ಸಹಿಯಿಲ್ಲದೆ ಕೊಂಡ ಹೊಲದ ಮೇಲೆ ಹತ್ತು ವರ್ಷದ ತರುವಾಯ ದಾವೆ ಬಂದರೆ ಕರಗುವುದು ಕೊಂಡವನ ಗಂಟು. ಆದರೆ ನಷ್ಟದ ಭಯಕ್ಕಾಗಿ ಮಾತ್ರ ಆ ತಂಗಿಯನ್ನು ಕೇಳುವುದಲ್ಲ. ಹೊಲ ಆಕೆಯದೂ ಹೌದು.

ಭೀಮಾತೀರದ ಹಳ್ಳಿಯೊಂದರ ವಿಧವೆ ತಾಯಿಯೊಬ್ಬರು ಅಂಥದೊಂದು ಪತ್ರವನ್ನು ಓದಿಸಲೆಂದು ಹಿಂದೊಮ್ಮೆ ನಮ್ಮಲ್ಲಿಗೆ ತಂದಿದ್ದರು. ಹದಿನೈದು ದಿನದೊಳಗೆ ಒಪ್ಪದಿದ್ದರೆ ಬೆಲೆ ಇಳಿಯುವುದೆಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. “ಸ್ವಾಮ್ಯಾರ, ಇದು ಕೋರ್ಟಿನ ನೋಟೀಸೇನ್ರಿ?” ಎಂದು ಕೇಳಿದರು. ಅಲ್ಲವೆಂದು ತಿಳಿದ ಮೇಲೂ ಅವರ ಕೈಯ ನಡುಕ ನಿಲ್ಲಲಿಲ್ಲ. ಸೊಲ್ಲಾಪುರದಲ್ಲಿದ್ದ ಇಬ್ಬರು ಹೆಣ್ಣುಮಕ್ಕಳ ಹೆಸರು ಪತ್ರದಲ್ಲಿ ಇರಲೇ ಇಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿದಾಗ, ಪತ್ರದಲ್ಲಿ ಹೇಳಿದ್ದ ಬೆಲೆಯು ಸರಕಾರದ ಮಾರ್ಗಸೂಚಿ ಬೆಲೆಗಿಂತಲೂ ಕಡಿಮೆಯೆಂದು ಗೊತ್ತಾಯಿತು. ಆ ತಾಯಿ ಹೊಲವನ್ನು ಮಾರಲಿಲ್ಲ. ಇಂಥ ಪತ್ರ ಬರೆಯುವವರಿಗೆ ಉತ್ತರಗಳು ಸಿಗಬಹುದು. ಆದರೆ ಹೆದರಿಸಿ ಪಡೆದ ಒಪ್ಪಿಗೆಯನ್ನು ವ್ಯಾಪಾರವೆಂದು ಕರೆಯಲು ನಮಗೆ ಮನಸ್ಸಿಲ್ಲ.

ಕೃಷಿಕರಲ್ಲದವರಿಗೂ ಹೆಚ್ಚು ಆದಾಯದವರಿಗೂ ಸಾಗುವಳಿ ಜಮೀನು ಕೊಳ್ಳಲು ಇದ್ದ ತಡೆಯನ್ನು ರಾಜ್ಯವು 2020ರಲ್ಲಿ ತೆಗೆದುಹಾಕಿದೆ. ತಡೆ ಹೋಯಿತೆಂದು ಎಲ್ಲ ಹೊಲಗಳೂ ಮಾರಲು ಬರುವುವಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನನ್ನು ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯವು ಶೂನ್ಯ. ಹಿಂದಕ್ಕೆ ಪಡೆಯಲು ಕಾಲಮಿತಿಯಿಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ದೇವಸ್ಥಾನ, ದರ್ಗಾ, ಮಠಗಳಿಗೆ ಹಿಂದೆ ಇನಾಮಾಗಿ ಬಿಟ್ಟ ಜಮೀನುಗಳು ಈ ಭಾಗದಲ್ಲಿ ಅಲ್ಲಲ್ಲಿ ಇವೆ. ನಿಜಾಮರ ಕಾಲದ ಕಾಗದಗಳು ಉರ್ದುವಿನಲ್ಲಿರುವುದರಿಂದ ಇಂದಿನ ಪಹಣಿಯೊಂದನ್ನೇ ನೋಡದೆ, 1954–55ರ ಖಾಸ್ರಾ ಪಹಣಿಯನ್ನು ತೆಗೆಸಿ, ಬಲ್ಲವರಿಂದ ಓದಿಸಬೇಕು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದಾದರೆ 11-ಇ ನಕ್ಷೆ ಬೇಕು. ಅಫಜಲಪುರ, ಜೇವರ್ಗಿಗಳಲ್ಲಿ ಹೊಳೆಯಂಚಿನ ಹೊಲವಾದರೆ 2020ರ ಅಕ್ಟೋಬರಿನ ಭೀಮಾ ಪ್ರವಾಹದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಹೊಲದವರನ್ನು ಕೇಳಿರಿ; ಇದನ್ನು ಯಾವ ಕಾಗದವೂ ಹೇಳದು.

ಇನ್ನು ಪತ್ರದ ಮಾತು. ಒಂದೇ ಪುಟ, ಸ್ವಹಸ್ತಾಕ್ಷರದಲ್ಲಿ, ಹೀಗಿದ್ದರೆ ಸಾಕು: “ಪೂಜ್ಯರೇ, ತಮ್ಮ ಕುಟುಂಬದ ಇಂಥ ಸರ್ವೆ ನಂಬರಿನ ಹೊಲವನ್ನು ಪಹಣಿಯಲ್ಲಿ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ನಾನು ದಲ್ಲಾಳಿಯಲ್ಲ, ನನ್ನ ಕುಟುಂಬಕ್ಕಾಗಿ ಕೊಳ್ಳಬಯಸಿದ್ದೇನೆ. ಸರಕಾರದ ಮಾರ್ಗಸೂಚಿ ಬೆಲೆ ಎಕರೆಗೆ ಇಷ್ಟಿದೆ. ಪೇಟೆಯ ಬೆಲೆಯನ್ನು ತಾವು ಬೇರೆಡೆಯೂ ವಿಚಾರಿಸಬಹುದು. ಇದೇ ಪತ್ರವನ್ನು ತಮ್ಮ ಸಹೋದರ ಸಹೋದರಿಯರಿಗೂ ಕಳುಹಿಸಿದ್ದೇನೆ. ಮಾರುವ ಇಚ್ಛೆ ಇಲ್ಲದಿದ್ದರೆ ಉತ್ತರಿಸುವ ತೊಂದರೆ ಬೇಡ, ಮತ್ತೆ ಬರೆಯುವುದಿಲ್ಲ.” ಉತ್ತರಕ್ಕೆಂದು ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯನ್ನು ಜೊತೆಗಿಡಬೇಕು. ನೋಂದಾಯಿತ ಅಂಚೆಯು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಆದರೆ ಮೊದಲ ಪತ್ರಕ್ಕೆ ಸಾದಾ ಲಕೋಟೆಯೇ ಲೇಸು. ಸಹಿ ಮಾಡಿ ಪಡೆಯುವ ಕಾಗದವೆಂದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಚೇರಿಯ ನೆನಪೇ.

ಹತ್ತು ಹೊಲ ನೋಡಿ ಹತ್ತು ಪತ್ರ ಬರೆಯುವುದು, ಕಾಣದ ಹೊಲಗಳಿಗೆ ನೂರು ಕಾರ್ಡು ಹಾಕುವುದಕ್ಕಿಂತ ಮೇಲು. ಉತ್ತರ ಬಂದರೆ ಇಸಾರದ ಹಣ ಹಿಡಿದುಕೊಂಡು ಓಡಬೇಡಿರಿ. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯಲು ಆದಾಯ ತೆರಿಗೆಯ ಕಾನೂನು 2015ರಿಂದ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ದಂಡ ಬೀಳುವುದು ಕೊಟ್ಟವನಿಗಲ್ಲ, ಪಡೆದವನಿಗೆ. ಕರ್ನಾಟಕದಲ್ಲಿ ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಬೇರೆ. ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ ಬೆಲೆ ಹೇಳಿರಿ. ಮೊದಲ ಮಾತುಕತೆಗೆ ಪರಸ್ಥಳದವರು ಊರ ಜಾತ್ರೆಗೆ ಬರುವ ದಿನಗಳನ್ನೇ ಕೇಳಿಕೊಳ್ಳಿರಿ. ಕೊಟ್ಟ ಮನೆಯಿಂದ ಹೆಣ್ಣುಮಕ್ಕಳೂ ಆಗ ತವರಿಗೆ ಬಂದಿರುತ್ತಾರೆ.