ಯಂತ್ರದ ಉಸಿರಿಗೆ ಮುನ್ನ ಕೇಳಬೇಕಾದ ಮಾತು

ತೀವ್ರ ನಿಗಾ ಘಟಕದ ಯಂತ್ರಗಳು ರೋಗ ವಾಸಿಮಾಡುವುದಿಲ್ಲ; ರೋಗ ವಾಸಿಯಾಗಲು ಬೇಕಾದ ಕಾಲಾವಕಾಶವನ್ನು ಒದಗಿಸುತ್ತವೆ. ಶ್ವಾಸಕೋಶದ ಸೋಂಕು ಇಳಿಯುವವರೆಗೆ ವೆಂಟಿಲೇಟರ್ ಉಸಿರಾಟದ ಹೊಣೆ ಹೊರುತ್ತದೆ, ಮೂತ್ರಪಿಂಡ ಸುಧಾರಿಸಿಕೊಳ್ಳುವವರೆಗೆ ಡಯಾಲಿಸಿಸ್ ರಕ್ತವನ್ನು ಶುದ್ಧಗೊಳಿಸುತ್ತದೆ. ಚೇತರಿಸಿಕೊಳ್ಳುವ ಶಕ್ತಿ ಉಳಿದಿರುವ ದೇಹದಲ್ಲಿ ಈ ಅವಕಾಶವೇ ಜೀವದಾನವಾಗುತ್ತದೆ. ಆದರೆ ಹಾಸಿಗೆ ಹಿಡಿದು ತಿಂಗಳುಗಳೇ ಕಳೆದ, ಹೃದಯ, ಮೂತ್ರಪಿಂಡ, ಶ್ವಾಸಕೋಶಗಳು ಒಂದರ ಹಿಂದೊಂದು ಸೋಲುತ್ತಿರುವ ವೃದ್ಧರಲ್ಲಿ ಅದೇ ಯಂತ್ರ ಸಾಯುವ ಹೊತ್ತನ್ನು ಹಿಗ್ಗಿಸುವುದಷ್ಟೇ ಆಗಿಬಿಡಬಹುದು. ಇಲ್ಲಿ ವಯಸ್ಸೊಂದೇ ಅಳತೆಗೋಲಾಗಲಾರದು. ಎಂಬತ್ತೈದರಲ್ಲೂ ತೋಟದಲ್ಲಿ ಓಡಾಡಿಕೊಂಡಿದ್ದವರು ನ್ಯುಮೋನಿಯಾದಿಂದ ಎದ್ದುಬರುವುದುಂಟು, ಎಪ್ಪತ್ತಕ್ಕೇ ಕಸುವು ಕಳೆದುಕೊಂಡವರು ಏಳದಿರುವುದೂ ಉಂಟು.

ಚಿಕಿತ್ಸೆಗೆ ತೆರಬೇಕಾದ ಬೆಲೆ ಹಣವೊಂದೇ ಅಲ್ಲ. ನಿಂತ ಹೃದಯವನ್ನು ಮತ್ತೆ ಚಲಾಯಿಸಲು ನಿಮಿಷಕ್ಕೆ 100ರಿಂದ 120 ಬಾರಿ, ಎದೆಗೂಡು ಸುಮಾರು 5 ಸೆಂಟಿಮೀಟರ್ ಒಳಕ್ಕೆ ಕುಸಿಯುವಂತೆ ಒತ್ತಬೇಕಾಗುತ್ತದೆ. ಮೂಳೆ ಸವೆದ ವೃದ್ಧರಲ್ಲಿ ಹೀಗೆ ಒತ್ತುವಾಗ ಪಕ್ಕೆಲುಬು ಮುರಿಯುವುದು ಅಪರೂಪವಲ್ಲ. ಗಂಟಲಿಗೆ ಕೊಳವೆ ಇಳಿದ ಮೇಲೆ ಮಾತು ನಿಲ್ಲುತ್ತದೆ, ಹಗಲುರಾತ್ರಿ ಒಂದೇ ಬೆಳಕಿನಲ್ಲಿ ಬುದ್ಧಿ ಗಲಿಬಿಲಿಗೊಳ್ಳುತ್ತದೆ, ರೋಗಿ ಕೊಳವೆ ಕಿತ್ತುಕೊಳ್ಳದಿರಲೆಂದು ಅವರ ಎರಡೂ ಕೈಗಳನ್ನು ಬಟ್ಟೆಯ ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟುವುದೂ ಇದೆ. ಬದುಕಿ ಬರುವ ಭರವಸೆಯಿದ್ದಾಗ ಇದೆಲ್ಲವೂ ಸಹ್ಯ. ಆ ಭರವಸೆಯೇ ಇಲ್ಲದಿರುವಾಗ ಇದನ್ನು ಯಾರ ಸಲುವಾಗಿ ಮಾಡಲಾಗುತ್ತಿದೆ ಎಂಬುದನ್ನು ಕೇಳಲೇಬೇಕು.

ಆದರೆ ಕೇಳುವವರಾರು? ರೋಗಿ ಉತ್ತರಿಸುವ ಸ್ಥಿತಿಯಲ್ಲಿರುವುದಿಲ್ಲ. ಘಟಕದ ಬಾಗಿಲಲ್ಲಿ ಒಪ್ಪಿಗೆ ಪತ್ರ ಹಿಡಿದು ನಿಂತ ಮಗನಿಗೋ ಮಗಳಿಗೋ ‘ಕೈಲಾದ್ದೆಲ್ಲಾ ಮಾಡಿ ಡಾಕ್ಟ್ರೇ’ ಎನ್ನುವುದನ್ನು ಬಿಟ್ಟು ಬೇರೆ ಮಾತು ಹೊರಡುವುದಿಲ್ಲ, ಏಕೆಂದರೆ ಬೇರೇನು ಹೇಳಿದರೂ ಹೆತ್ತವರನ್ನು ಕೈಬಿಟ್ಟಂತೆ ಎಂಬ ಭಯ, ನಾಳೆ ನೆಂಟರಿಷ್ಟರು ಆಡಿಕೊಂಡಾರೆಂಬ ಅಳುಕು. ಕೆಲವು ದಿನಗಳಲ್ಲಿ ಕೈಯಲ್ಲಿದ್ದ ಹಣ ಮುಗಿದಾಗ ಅದೇ ಕುಟುಂಬ, ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ ಕೋರುತ್ತಿರುವುದಾಗಿ ಬರೆದುಕೊಟ್ಟು ರೋಗಿಯನ್ನು ಮನೆಗೆ ಒಯ್ಯುತ್ತದೆ. ಅಲ್ಲಿ ನೋವಿಗೆ ಮಾರ್ಫಿನ್ ಇರುವುದಿಲ್ಲ, ಏದುಸಿರಿಗೆ ಪರಿಹಾರ ಇರುವುದಿಲ್ಲ, ನಡುರಾತ್ರಿ ಫೋನ್ ಮಾಡಿದರೆ ಉತ್ತರಿಸುವ ವೈದ್ಯರೂ ಇರುವುದಿಲ್ಲ. ಅತಿಯಾದ ಚಿಕಿತ್ಸೆ ಮತ್ತು ಚಿಕಿತ್ಸೆಯೇ ಇಲ್ಲದ ಸ್ಥಿತಿ, ಇವೆರಡನ್ನೂ ಒಂದೇ ವಾರದಲ್ಲಿ ಒಬ್ಬ ವೃದ್ಧರಿಗೆ ಉಣಿಸುವುದಕ್ಕಿಂತ ದೊಡ್ಡ ಅನ್ಯಾಯ ಬೇರೆ ಇರಲಾರದು.

ಕಾನೂನು ಈ ಇಕ್ಕಟ್ಟಿನಿಂದ ಹೊರಬರಲು ದಾರಿ ತೋರಿಸಿದೆ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ, ಮುಂಬೈಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ 1973ರಲ್ಲಿ ಹಲ್ಲೆಗೊಳಗಾಗಿ ನಾಲ್ಕು ದಶಕ ಹಾಸಿಗೆಯಲ್ಲೇ ಕಳೆದ ಅರುಣಾ ಶಾನಭಾಗ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಚಿಕಿತ್ಸೆ ಹಿಂತೆಗೆಯಬಹುದೇ ಎಂಬ ಪ್ರಶ್ನೆಯನ್ನು ವಿಸ್ತಾರವಾಗಿ ಪರಿಶೀಲಿಸಿತು. 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು ಘನತೆಯಿಂದ ಸಾಯುವ ಹಕ್ಕು ಬದುಕುವ ಹಕ್ಕಿನ ಭಾಗವೆಂದು ಸಾರಿತು. ಚಿಕಿತ್ಸೆ ಹಿಂತೆಗೆಯಲು ಅಂದು ವಿಧಿಸಿದ್ದ ಕ್ರಮ ತೀರಾ ತೊಡಕಿನದಾಗಿದ್ದರಿಂದ 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಲಾಯಿತು. ಈಗ ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ ರೋಗಿಯ ಸ್ಥಿತಿಯನ್ನು ಪರಿಶೀಲಿಸಿ, ಸಾಧ್ಯವಾದಷ್ಟು 48 ಗಂಟೆಯೊಳಗೆ ಅಭಿಪ್ರಾಯ ನೀಡುತ್ತದೆ. ಅದನ್ನು ಬೇರೆಯೇ ಮೂವರ ದ್ವಿತೀಯ ಮಂಡಳಿ ಒರೆಗೆ ಹಚ್ಚುತ್ತದೆ. ಕುಟುಂಬದ ಒಪ್ಪಿಗೆಯೊಂದಿಗೆ ಚಿಕಿತ್ಸೆ ಹಿಂತೆಗೆಯುವ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಿದರೆ ಸಾಕು. ದ್ವಿತೀಯ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿಯ ಮೂಲಕ ವೈದ್ಯರನ್ನು ನಾಮನಿರ್ದೇಶಿಸುವ ವ್ಯವಸ್ಥೆಗೆ ಕರ್ನಾಟಕ ಸರ್ಕಾರ 2025ರ ಜನವರಿಯ ಕೊನೆಯಲ್ಲಿ ಆದೇಶ ಹೊರಡಿಸಿತು. ಇದನ್ನು ಪತ್ರಿಕೆಗಳಲ್ಲಿ ‘ದಯಾಮರಣ’ ಎಂದು ಕರೆದದ್ದು ದುರದೃಷ್ಟಕರ. ಚುಚ್ಚುಮದ್ದು ಕೊಟ್ಟು ಸಾಯಿಸಲು ಇಲ್ಲಿ ಯಾವ ಅವಕಾಶವೂ ಇಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವುದು ಅಥವಾ ನಿಲ್ಲಿಸುವುದು, ರೋಗವು ತನ್ನ ಸಹಜ ಗತಿಯಲ್ಲಿ ಸಾಗಲು ಬಿಡುವುದು, ಇಷ್ಟೇ ಇದರ ವ್ಯಾಪ್ತಿ.

ಯಂತ್ರ ನಿಂತರೂ ಆರೈಕೆ ನಿಲ್ಲಬೇಕಿಲ್ಲ. ನೋವು, ಉಬ್ಬಸ, ಕಳವಳಗಳನ್ನು ತಗ್ಗಿಸುವುದನ್ನೇ ಗುರಿಯಾಗಿಸಿಕೊಂಡ ಉಪಶಾಮಕ ಆರೈಕೆ ಆ ಹೊತ್ತಿಗೆ ಮುಖ್ಯ ಚಿಕಿತ್ಸೆಯಾಗುತ್ತದೆ. ಬೆಂಗಳೂರಿನ ಕರುಣಾಶ್ರಯ ವಾಸಿಯಾಗದ ಕ್ಯಾನ್ಸರ್ ರೋಗಿಗಳಿಗೆ ಇಂಥ ಆರೈಕೆಯನ್ನು ಉಚಿತವಾಗಿ ನೀಡುತ್ತ ಬಂದಿದೆ. ಹೃದಯ, ಮೂತ್ರಪಿಂಡ ಸೋತ ವೃದ್ಧರಿಗೂ ಜಿಲ್ಲೆ ಜಿಲ್ಲೆಯಲ್ಲಿ ಅದು ದೊರೆಯಬೇಕು.

ಇಷ್ಟಾದರೂ ವೈದ್ಯಮಂಡಳಿಗಳ ಮುಂದೆ ಬರುವ ಅತಿ ಕಷ್ಟದ ಪ್ರಶ್ನೆ, ರೋಗಿ ಏನನ್ನು ಬಯಸುತ್ತಿದ್ದರು ಎಂಬುದೇ. ಅದಕ್ಕೆ ಉತ್ತರವಾಗಿ ಮುಂಗಡ ವೈದ್ಯಕೀಯ ನಿರ್ದೇಶನವಿದೆ, ಅಂದರೆ ಬುದ್ಧಿ ಸ್ವಸ್ಥವಾಗಿರುವಾಗಲೇ ವಯಸ್ಕರು ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡುವ ಪತ್ರ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಅದು ಊರ್ಜಿತವಾಗುತ್ತದೆ; ಮನಸ್ಸು ಬದಲಾದರೆ ಲಿಖಿತವಾಗಿಯೇ ಹಿಂಪಡೆಯಬಹುದು. ತಮ್ಮ ಪರವಾಗಿ ನಿರ್ಧರಿಸಬೇಕಾದವರ ಹೆಸರನ್ನೂ ಅದರಲ್ಲಿ ಕಾಣಿಸಬೇಕು. ಹಾಗೆ ಹೆಸರಿಸಲಾದವರ ಬಳಿ ಪತ್ರದ ಪ್ರತಿ ಇರಬೇಕು, ಕುಟುಂಬದ ವೈದ್ಯರಿಗೂ ವಿಷಯ ತಿಳಿದಿರಬೇಕು. ಬೀರುವಿನಲ್ಲಿ ಆಸ್ತಿಪತ್ರಗಳ ನಡುವೆ ಬೀಗ ಹಾಕಿಟ್ಟ ನಿರ್ದೇಶನ, ಆಂಬುಲೆನ್ಸ್ ಆಸ್ಪತ್ರೆ ತಲುಪುವ ರಾತ್ರಿ ಯಾರ ಕೈಗೂ ಸಿಗುವುದಿಲ್ಲ.