ಅಭಿಮಾನವೇ? ದುರಭಿಮಾನವೇ?

ಇಂಗ್ಲೆಂಡಿನ ಧ್ವಜ ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಯೂನಿಯನ್ ಜಾಕ್ ಎಂದೇ ಉತ್ತರಿಸುತ್ತೇವೆ. ವಾಸ್ತವದಲ್ಲಿ ಅದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್ ಸೇರಿದ ಬ್ರಿಟನ್ನಿನ ಧ್ವಜ. ಇಂಗ್ಲೆಂಡಿಗೆ ತನ್ನದೇ ಆದ ಬೇರೊಂದು ಧ್ವಜವಿದೆ. ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆ. ಅದನ್ನು ಸಂತ ಜಾರ್ಜ್‌ರ ಧ್ವಜವೆಂದು ಕರೆಯುತ್ತಾರೆ.

ಸಹೋದರಿಯರೇ, ದೂರದ ದೇಶದ ಬಾವುಟದ ಕಥೆ ನಮಗೇಕೆ ಎಂದು ನೀವು ಕೇಳಬಹುದು. 2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 39 ಲಕ್ಷ ಮುಸ್ಲಿಮರಿದ್ದಾರೆ. ಅಂದರೆ ಜನಸಂಖ್ಯೆಯ ಶೇ. 6.5. ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಬೇರೆ ಊರೆಂಬುದಿಲ್ಲ. ಬೀದಿಯ ಕಂಬದಲ್ಲಿ ಆ ಬಾವುಟವನ್ನು ಕಂಡ ಮಗು 'ಅಮ್ಮಾ, ಇದು ನಮ್ಮದೂ ಹೌದಾ?' ಎಂದು ಕೇಳಿದರೆ ತಾಯಿ ಏನೆಂದು ಉತ್ತರಿಸಬೇಕು? ಇದು ಎಲ್ಲ ದೇಶಗಳ ತಾಯಂದಿರ ಪ್ರಶ್ನೆಯೂ ಹೌದು.

ಮೊದಲು ಆ ಸಂತರು ಯಾರೆಂದು ನೋಡೋಣ. ಅವರು ಇಂಗ್ಲೆಂಡಿನವರಲ್ಲ. ಆ ನೆಲವನ್ನು ಮೆಟ್ಟಿದವರೂ ಅಲ್ಲ. ಪರಂಪರೆಯ ಪ್ರಕಾರ ಅವರ ಮೂಲ ಇಂದಿನ ತುರ್ಕಿಯಲ್ಲಿರುವ ಕಪಡೋಸಿಯ. ತಾಯಿ ಪ್ಯಾಲೆಸ್ತೀನ್‌ನ ಲಿದ್ದಾ ಊರಿನವರು. ರೋಮನ್ ಸೈನಿಕರಾಗಿದ್ದ ಅವರನ್ನು ಕ್ರಿ.ಶ. 303ರ ಸುಮಾರಿಗೆ ಅವರ ವಿಶ್ವಾಸದ ಕಾರಣಕ್ಕಾಗಿ ಕೊಲ್ಲಲಾಯಿತು. ಬೆತ್ಲೆಹೇಮ್ ಸಮೀಪದ ಅಲ್ ಖದರ್ ಗ್ರಾಮದಲ್ಲಿ ಅವರ ಹೆಸರಿನ ಚರ್ಚ್‌ಗೆ ಕ್ರೈಸ್ತರಂತೆ ಮುಸ್ಲಿಮರೂ ಹೋಗುತ್ತಾರೆ. 'ಹೊರಗಿನವರು ಬೇಡ' ಎನ್ನುವವರ ಕೈಯಲ್ಲಿರುವ ಬಾವುಟವೇ ಹೊರಗಿನವರೊಬ್ಬರ ಹೆಸರಿನದ್ದು. ಇದೆಂತಹ ವಿಪರ್ಯಾಸ!

ಈ ಬಾವುಟ ಇಂಗ್ಲಿಷರ ದಿನನಿತ್ಯದ ಬದುಕಿಗೆ ಬಂದದ್ದು ಇತ್ತೀಚೆಗೆ. 1966ರಲ್ಲಿ ಇಂಗ್ಲೆಂಡ್ ಫುಟ್‌ಬಾಲ್ ವಿಶ್ವಕಪ್ ಗೆದ್ದಾಗ ಅಭಿಮಾನಿಗಳ ಕೈಯಲ್ಲಿ ಹೆಚ್ಚಾಗಿ ಇದ್ದುದು ಯೂನಿಯನ್ ಜಾಕ್. 70ರ ದಶಕದಲ್ಲಿ ನ್ಯಾಷನಲ್ ಫ್ರಂಟ್ ಎಂಬ ವಲಸಿಗ ವಿರೋಧಿ ಪಕ್ಷ ಆ ಧ್ವಜವನ್ನು ಹಿಡಿದು ಮೆರವಣಿಗೆ ನಡೆಸಿತು. ಬಣ್ಣದವರಿಗೆ ಅದನ್ನು ಕಂಡರೆ ಅಂಜಿಕೆಯಾಗುವಂತಾಯಿತು. 1996ರ ಯುರೋ ಕಪ್ ಇಂಗ್ಲೆಂಡಿನಲ್ಲೇ ನಡೆದಾಗ ಮೈದಾನದ ತುಂಬ ಕೆಂಪು ಶಿಲುಬೆಯ ಬಾವುಟಗಳು ಕಾಣಿಸಿಕೊಂಡವು. ಅಂದಿನಿಂದ ಅದು ಆಟದ, ಸಂಭ್ರಮದ ಬಾವುಟವಾಯಿತು.

ಆದರೆ ಅದರ ಮೇಲೂ ಜಗಳ ತಪ್ಪಲಿಲ್ಲ. 2024ರ ಜುಲೈಯಲ್ಲಿ ಸೌತ್‌ಪೋರ್ಟ್ ಪಟ್ಟಣದಲ್ಲಿ ಮೂವರು ಪುಟ್ಟ ಹೆಣ್ಣು ಮಕ್ಕಳ ಕೊಲೆಯಾಯಿತು. ಕೊಲೆಗಾರ ಮುಸ್ಲಿಮ್ ವಲಸಿಗನೆಂಬ ಸುಳ್ಳು ಸುದ್ದಿ ಹಬ್ಬಿತು. ಮರುದಿನವೇ ಗುಂಪೊಂದು ಅಲ್ಲಿನ ಮಸೀದಿಯ ಮೇಲೆ ದಾಳಿ ನಡೆಸಿತು. ಗಲಭೆ ಹಲವು ನಗರಗಳಿಗೆ ಹರಡಿತು. ಗಲಭೆಕೋರರ ನಡುವೆ ಈ ಬಾವುಟವೂ ಇತ್ತು. ಆದರೆ ಮಸೀದಿಯ ಒಡೆದ ಗೋಡೆಯನ್ನು ಮರುದಿನ ಬೆಳಿಗ್ಗೆ ಬಂದು ಕಟ್ಟಿಕೊಟ್ಟವರು ಅದೇ ಊರಿನ ಜನರು. ಇವರಲ್ಲಿ ದೇಶಪ್ರೇಮಿ ಯಾರು? ನೀವೇ ಹೇಳಿ.

2025ರ ಆಗಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಆರಂಭವಾಗಿ ಊರೂರುಗಳ ದೀಪದ ಕಂಬಗಳಲ್ಲಿ ಬಾವುಟಗಳನ್ನು ಕಟ್ಟಲಾಯಿತು. 'ಇದು ನಮ್ಮ ಅಭಿಮಾನ, ತಪ್ಪೇನು?' ಎಂದರು ಕೆಲವರು. 'ನಮ್ಮನ್ನು ಹೆದರಿಸಲೆಂದೇ ಕಟ್ಟಿದ್ದಾರೆ' ಎಂದರು ಇನ್ನು ಕೆಲವರು. ಕಟ್ಟಿದವರೆಲ್ಲರೂ ದ್ವೇಷಿಗಳೆಂದು ತೀರ್ಪು ನೀಡುವುದು ನ್ಯಾಯವಲ್ಲ. ಹುಟ್ಟಿದ ನೆಲವನ್ನು ಪ್ರೀತಿಸುವುದು ಮನುಷ್ಯ ಸಹಜ. ನೆರೆಮನೆಯವನಿಗೆ ಉಂಟಾದ ಭಯವನ್ನು ಅಲ್ಲಗಳೆಯುವುದೂ ನ್ಯಾಯವಲ್ಲ.

ಅಭಿಮಾನಕ್ಕೂ ದುರಭಿಮಾನಕ್ಕೂ ನಡುವೆ ನಮ್ಮ ಕನ್ನಡದಲ್ಲಿ ಇರುವುದು ಒಂದೇ ಅಕ್ಷರದ ಅಂತರ. ಬದುಕಿನಲ್ಲಿ ಆ ಅಂತರ ಬಹಳ ದೊಡ್ಡದು. 'ಇದು ನನ್ನ ಮನೆ' ಎನ್ನುವುದು ಅಭಿಮಾನ. 'ಇದು ನಿನ್ನ ಮನೆಯಲ್ಲ' ಎನ್ನುವುದು ದುರಭಿಮಾನ.

2019ರ ಜುಲೈ 14ರಂದು ಲಾರ್ಡ್ಸ್ ಮೈದಾನದಲ್ಲಿ ಇಂಗ್ಲೆಂಡ್ ಕ್ರಿಕೆಟ್ ವಿಶ್ವಕಪ್ ಗೆದ್ದಿತು. ತಂಡದಲ್ಲಿ ಮೊಯೀನ್ ಅಲಿ ಮತ್ತು ಆದಿಲ್ ರಶೀದ್ ಇದ್ದರು. ಶಾಂಪೇನ್ ಚಿಮ್ಮಿಸುವ ಹೊತ್ತಿಗೆ ಅವರಿಬ್ಬರೂ ಸದ್ದಿಲ್ಲದೆ ಬದಿಗೆ ಸರಿದರು. ಅದರಿಂದ ಗೆಲುವಿನಲ್ಲಿ ಅವರ ಪಾಲೇನೂ ಕಡಿಮೆಯಾಗಲಿಲ್ಲ. ಅಲ್ಲಾಹನು ನಮ್ಮ ಜೊತೆಗಿದ್ದನೆಂದು ಆದಿಲ್ ಹೇಳಿದ್ದನ್ನು ಪತ್ರಕರ್ತರಿಗೆ ತಿಳಿಸಿದವರು ಡಬ್ಲಿನ್‌ನಲ್ಲಿ ಹುಟ್ಟಿದ ನಾಯಕ ಇಯಾನ್ ಮಾರ್ಗನ್.

ಇನ್ನೊಬ್ಬ ಹೆಣ್ಣು ಮಗಳನ್ನು ನೀವು ತಿಳಿದಿರಬೇಕು. ಆಕೆ ನೂರ್ ಇನಾಯತ್ ಖಾನ್. 1914ರಲ್ಲಿ ಮಾಸ್ಕೋದಲ್ಲಿ ಜನನ. ಸೂಫಿ ಗುರು ಇನಾಯತ್ ಖಾನ್‌ರ ಮಗಳು. ಅವರ ಕುಟುಂಬದ ಬೇರು ಟಿಪ್ಪು ಸುಲ್ತಾನರ ವಂಶಕ್ಕೆ ಸೇರುತ್ತದೆ. ಹೌದು, ಬ್ರಿಟಿಷರ ವಿರುದ್ಧ ಹೋರಾಡಿ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದ ಅದೇ ಟಿಪ್ಪು. ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದ ಈ ಮೃದು ಸ್ವಭಾವದ ಯುವತಿ 1943ರಲ್ಲಿ ಬ್ರಿಟನ್ನಿನ ಪರವಾಗಿ, ನಾಝಿಗಳ ವಶದಲ್ಲಿದ್ದ ಫ್ರಾನ್ಸಿಗೆ ರಹಸ್ಯ ವೈರ್‌ಲೆಸ್ ಕೆಲಸಕ್ಕೆ ಹೋದರು. ಜೊತೆಗಾರರು ಸೆರೆಯಾದಾಗ ಮರಳಿ ಬರಲು ಅವಕಾಶವಿದ್ದರೂ ಬರಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. 1949ರಲ್ಲಿ ಅವರಿಗೆ ಜಾರ್ಜ್ ಕ್ರಾಸ್ ಪದಕ ನೀಡಲಾಯಿತು. ಆ ಪದಕದ ನಡುವೆ ಇರುವುದು ಅದೇ ಸಂತ ಜಾರ್ಜ್‌ರ ಚಿತ್ರ.

2025ರ ಸೆಪ್ಟೆಂಬರ್ 13ರಂದು ಲಂಡನ್ನಿನಲ್ಲಿ ಲಕ್ಷಕ್ಕೂ ಹೆಚ್ಚು ಜನರು ಅದೇ ಬಾವುಟಗಳನ್ನು ಹಿಡಿದು ವಲಸಿಗ ವಿರೋಧಿ ಮೆರವಣಿಗೆ ನಡೆಸಿದರು. ಆ ದಿನಕ್ಕೆ ನೂರ್ ಮಡಿದು ಸರಿಯಾಗಿ 81 ವರ್ಷ. ಎಷ್ಟು ಮಂದಿಗೆ ಅದು ನೆನಪಿತ್ತೋ!

ಆದ್ದರಿಂದ ಬರ್ಮಿಂಗ್‌ಹ್ಯಾಮ್‌ನ ಆ ತಾಯಿ ಮಗುವಿಗೆ ಹೆದರದೆ 'ಹೌದು ಮಗಳೇ, ನಮ್ಮದೂ ಹೌದು' ಎನ್ನಲಿ. ದ್ವೇಷಿಸುವವರು ಹಿಡಿದರೆಂದು ನಾವು ಬಿಟ್ಟುಕೊಟ್ಟರೆ ಬಾವುಟ ಅವರದ್ದೇ ಆಗಿಬಿಡುತ್ತದೆ. ಇನ್ನು ನಮ್ಮ ಮನೆಗಳಲ್ಲೂ ಆಲೋಚಿಸೋಣ. ನಮ್ಮ ಭಾಷೆ, ಊರು, ಮನೆತನದ ಬಗ್ಗೆ ಮಕ್ಕಳೆದುರು ಹೆಮ್ಮೆಯಿಂದ ಮಾತನಾಡುವಾಗ, ಪಕ್ಕದ ಮನೆಯ ಮಗು ಅದನ್ನು ಕೇಳಿಸಿಕೊಂಡರೆ ಅದಕ್ಕೆ ಏನನ್ನಿಸಬಹುದು?