ಭೋಗಿಯ ಹೊಗೆ, ಸಂಕ್ರಾಂತಿಯ ಎಳ್ಳು

ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿನ ಸೆಖೆಗೂ ಉಪ್ಪುನೀರಿಗೂ ಒಗ್ಗಿಕೊಂಡಿದ್ದೇನೆ. ಜನವರಿಯ ಎರಡನೇ ವಾರಕ್ಕೆ ಮಾತ್ರ ಇನ್ನೂ ಒಗ್ಗಿಲ್ಲ. ಇಲ್ಲಿಯವರಿಗೆ ಅದು ಪೊಂಗಲ್ ಸಡಗರ, ನಮಗೆ ಸಂಕ್ರಾಂತಿ. ಆಸ್ತಮಾ ಮತ್ತು ಅಲರ್ಜಿ ಎರಡೂ ಇರುವ ಮಗನ ತಾಯಿಗೆ ಒಂದರ ಹಿಂದೆ ಒಂದು ಎರಡು ಪರೀಕ್ಷೆ.

2018ರ ಜನವರಿ 13, ಭೋಗಿ. ಮಗನಿಗೆ ಆಗ ಐದು ವರ್ಷ. ನಂಗನಲ್ಲೂರಿನ ನಮ್ಮ ಬೀದಿಯಲ್ಲಿ ನಸುಕಿನ ನಾಲ್ಕಕ್ಕೇ ಮಕ್ಕಳು ಭೋಗಿ ಮೇಳ ಬಡಿಯತೊಡಗಿದ್ದರು. ಹಳೆ ಚಾಪೆ, ಪೊರಕೆ, ಅದರ ಜತೆಗೆ ಯಾರೋ ತಂದು ಹಾಕಿದ ಟೈರು. ಐದೂವರೆಗೆ ಕಿಟಕಿಯಿಂದ ನೋಡಿದರೆ ಎದುರು ಮನೆಯ ಗೇಟು ಕಾಣಿಸಲಿಲ್ಲ. ಮಗ ಕೆಮ್ಮುತ್ತಲೇ ಎದ್ದ. ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೆಳೆಯುತ್ತಿತ್ತು. "ಅಮ್ಮಾ" ಅಂದವನು ಮುಂದಿನ ಮಾತಿಗೆ ಉಸಿರು ಹುಡುಕಬೇಕಾಯಿತು. ಇನ್‌ಹೇಲರ್ ಕೈಗೆ ಸಿಕ್ಕಿತು. ಅದಕ್ಕೆ ಜೋಡಿಸುವ ಸ್ಪೇಸರ್ ಮಾತ್ರ ಹಾಸನದ ಅಜ್ಜಿ ಮನೆಯಲ್ಲೇ ಉಳಿದಿತ್ತು. ಹೆಡ್‌ಲೈಟ್ ಹಾಕಿಕೊಂಡು, ತೆವಳಿಕೊಂಡು ಆಸ್ಪತ್ರೆ ಸೇರಿದೆವು. ನೆಬ್ಯುಲೈಸರ್ ಹಚ್ಚಿದ ಮೇಲೆಯೇ ಅವನ ತುಟಿಗೆ ಬಣ್ಣ ಬಂದದ್ದು. ಆ ಬೆಳಿಗ್ಗೆ ಚೆನ್ನೈಗೆ ಬರಬೇಕಿದ್ದ ಹಲವು ವಿಮಾನಗಳನ್ನು ಬೆಂಗಳೂರು, ಹೈದರಾಬಾದಿಗೆ ತಿರುಗಿಸಿದರಂತೆ. ನಾವೂ ಹಿಂದಿನ ದಿನವೇ ಊರಿನ ಬಸ್ಸು ಹತ್ತಬಾರದಿತ್ತೇ ಅನ್ನಿಸಿತು.

ಅದು ಒಂದು ಬೀದಿಯ ಹೊಗೆಯಲ್ಲ. ಜನವರಿಯ ನಸುಕಿನಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಮೇಲಿನ ಪದರ ಬೆಚ್ಚಗಿರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಸುಟ್ಟದ್ದೆಲ್ಲ ಮಂಜಿನೊಡನೆ ಬೆರೆತು ಮಕ್ಕಳ ಮೂಗಿನ ಮಟ್ಟದಲ್ಲೇ ನಿಲ್ಲುತ್ತದೆ. ಬಿಸಿಲು ಬಲಿತು ಗಾಳಿ ಬೀಸುವ ತನಕ ಅದು ಕದಲುವುದಿಲ್ಲ. ಟೈರು ಸುಡಬೇಡಿ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿವರ್ಷ ಕೇಳಿಕೊಳ್ಳುತ್ತದೆ. ಇತ್ತೀಚೆಗೆ ಕಾರ್ಪೊರೇಷನ್ನಿನವರು ಹಳೆ ಸಾಮಾನನ್ನು ಮನೆಮನೆಯಿಂದ ಒಯ್ಯುವ ವ್ಯವಸ್ಥೆಯನ್ನೂ ಮಾಡುತ್ತಿದ್ದಾರೆ. ಕೊಡುವವರು ಕೊಡುತ್ತಾರೆ, ಸುಡುವವರು ಸುಡುತ್ತಾರೆ.

ಈಗ ನಮ್ಮ ಮನೆಯಲ್ಲಿ ತಯಾರಿ ವಾರ ಮೊದಲೇ ಶುರು. ದಿನವೂ ತೆಗೆದುಕೊಳ್ಳುವ ತಡೆಗಟ್ಟುವ ಇನ್‌ಹೇಲರ್ ಒಂದು ದಿನವೂ ತಪ್ಪಬಾರದು. "ಮಗು ಚೆನ್ನಾಗಿದಾನಲ್ಲ, ಅಭ್ಯಾಸವಾಗಿಬಿಡುತ್ತೆ, ನಿಲ್ಲಿಸಿ" ಅನ್ನುವವರು ನಮ್ಮ ಬಳಗದಲ್ಲೇ ಎಷ್ಟು ಜನ! ಅದು ಚಟ ಹತ್ತಿಸುವ ಔಷಧವಲ್ಲ. ಮಗು ಚೆನ್ನಾಗಿರುವುದೇ ಅದರಿಂದ. ಅಟ್ಟ ಗುಡಿಸುವ, ಗೋಡೆಗೆ ಬಣ್ಣ ಬಳಿಯುವ ದಿನ ಅವನು ಸ್ನೇಹಿತರ ಮನೆಯಲ್ಲಿರುತ್ತಾನೆ. ಎಣ್ಣೆಸ್ನಾನದ ನಂತರದ ಸಾಂಬ್ರಾಣಿ ಹೊಗೆಯನ್ನು ಅತ್ತೆಯವರೇ ಬಿಟ್ಟರು, ನಾನು ಕೇಳದೆಯೇ. ಭೋಗಿಯ ಹಿಂದಿನ ರಾತ್ರಿ ಕಿಟಕಿ ಭದ್ರ, ಬಾಗಿಲ ಸಂದಿಗೆ ಒದ್ದೆ ಟವೆಲ್, ಹೊಗೆ ಕರಗುವವರೆಗೆ ಹೊರಗೆ ಕಾಲಿಡುವಂತಿಲ್ಲ. ಬಟ್ಟೆ ಮಾಸ್ಕು ಆ ಸಣ್ಣ ಕಣಗಳನ್ನು ತಡೆಯುವುದಿಲ್ಲ.

ಸ್ಪೇಸರ್ ಬಗ್ಗೆ ಒಂದು ಮಾತು. ಅದನ್ನು ಸೋಪುನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಡಬೇಕು. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟಿಕೊಳ್ಳುತ್ತದೆ. ನನ್ನ ಹಾಗೆ ಮರೆತುಬಂದವರಿಗೆ ಇನ್ನೊಂದು: ದಕ್ಷಿಣ ಆಫ್ರಿಕಾದ ವೈದ್ಯರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ಇನ್‌ಹೇಲರ್ ಕೂರುವಷ್ಟು ತೂತು ಮಾಡಿ ಮಕ್ಕಳಿಗೆ ಕೊಟ್ಟು ನೋಡಿದರು. ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು ಎಂದು 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆ ಬೆಳಿಗ್ಗೆ ನಮ್ಮ ಫ್ರಿಜ್ಜಿನಲ್ಲಿ ಅಂಥ ನಾಲ್ಕು ಬಾಟಲಿ ಇದ್ದವು!

ಇನ್ನು ಎಳ್ಳು. ಮಗನಿಗೆ ಎರಡೂವರೆ ವರ್ಷವಿದ್ದಾಗ ಕನ್ನಡದವರೇ ಒಬ್ಬರು ಎಳ್ಳು ಬೀರಲು ಬಂದಿದ್ದರು. ಪೊಟ್ಟಣದಿಂದ ಒಂದು ಚಿಟಿಕೆ ಬಾಯಿಗೆ ಹೋಯಿತು. ಹತ್ತು ನಿಮಿಷದಲ್ಲಿ ತುಟಿ ಊದಿತು, ಮೈಯೆಲ್ಲ ದದ್ದು, ವಾಂತಿ, ಆಮೇಲೆ ಕೆಮ್ಮು. ನಾನು ಅಲರ್ಜಿ ಸಿರಪ್ ಕುಡಿಸಿ ಕಾಯುತ್ತಾ ಕೂತೆ. ಅದು ತಪ್ಪು. ದದ್ದಿನ ಜತೆಗೆ ಉಸಿರಾಟದ ತೊಂದರೆಯೂ ಸೇರಿಕೊಂಡರೆ ಮೊದಲು ಬೇಕಾದದ್ದು ತೊಡೆಯ ಹೊರಭಾಗಕ್ಕೆ ಅಡ್ರಿನಾಲಿನ್ ಚುಚ್ಚುಮದ್ದು, ಸಿರಪ್ ಅದಕ್ಕೆ ಬದಲಿಯಲ್ಲ. ತಡಮಾಡದೆ 108ಕ್ಕೆ ಫೋನು. ಮಗುವನ್ನು ನಡೆಸಬಾರದು, ಮಲಗಿಸಬೇಕು. ಉಸಿರು ಕಟ್ಟುತ್ತಿದ್ದರೆ ಕೂರಿಸಬಹುದು. ಆಸ್ತಮಾ ಇರುವ ಮಕ್ಕಳಲ್ಲಿ ಇಂಥ ಅಲರ್ಜಿ ಇನ್ನಷ್ಟು ಗಂಭೀರವಾಗಬಹುದು. ಪರೀಕ್ಷೆ ಮಾಡಿಸಿದಾಗ ಹೊರಬಿದ್ದದ್ದು ಎರಡು: ಕಡಲೆಕಾಯಿ ಮತ್ತು ಎಳ್ಳು.

ತಮಿಳುನಾಡಿನಲ್ಲಿ ಎಳ್ಳನ್ನು ತಪ್ಪಿಸುವುದೆಂದರೆ! ಇಡ್ಲಿ ಪುಡಿಗೆ ಕಲಸುವುದು ಎಳ್ಳೆಣ್ಣೆ, ಕೊಳಂಬಿಗೆ ಅದೇ, ಉಪ್ಪಿನಕಾಯಿಗೆ ಅದೇ. ಗಾಣದ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನು ಉಳಿದಿರುತ್ತದೆ. ಅಮೆರಿಕದಲ್ಲಿ 2023ರಿಂದ ಪೊಟ್ಟಣದ ಮೇಲೆ ಅಲರ್ಜಿಕಾರಕವಾಗಿ ಎಳ್ಳನ್ನು ತೋರಿಸುವುದು ಕಡ್ಡಾಯ. ನಮ್ಮ 2020ರ ಲೇಬಲ್ ನಿಯಮದಲ್ಲಿ ಕಡಲೆಕಾಯಿ, ಹಾಲು, ಮೊಟ್ಟೆ, ಸೋಯಾ ಇವೆ, ಎಳ್ಳಿಲ್ಲ. ಹಾಗಾಗಿ ಪದಾರ್ಥಗಳ ಪಟ್ಟಿಯನ್ನೇ ಪೂರ್ತಿ ಓದಬೇಕು.

ಹುರಿಗಡಲೆಯಾದರೂ ಕೊಡೋಣವೆಂದರೆ ಅಂಗಡಿಯಲ್ಲಿ ಕಡಲೆಕಾಯಿ ಹುರಿದ ಬಾಣಲೆಯಲ್ಲೇ ಅದನ್ನೂ ಹುರಿದಿರಬಹುದು. ಈಗ ಅವನ ತಟ್ಟೆಯಲ್ಲಿ ಸಕ್ಕರೆ ಅಚ್ಚು, ಕಬ್ಬು, ಬಾಳೆಹಣ್ಣು, ಎಲಚಿಹಣ್ಣು, ಮನೆಯಲ್ಲೇ ಹೆಚ್ಚಿದ ಕೊಬ್ಬರಿ, ಬೆಲ್ಲ. ಅಚ್ಚು ಹಾಕುವುದೂ ನಾವೇ, ಅತ್ತೆಯವರ ಮರದ ಅಚ್ಚಿನಲ್ಲಿ.

ಕಷ್ಟ ಅಡುಗೆಯದ್ದಲ್ಲ, ಮಾತಿನದ್ದು. ಒಳ್ಳೆ ಮಾತಾಡು ಅಂತ ಕೊಡುವ ಎಳ್ಳನ್ನೇ ಬೇಡ ಅನ್ನುವುದು ಹೇಗೆ? "ಒಂದು ಕಾಳಿಗೆ ಏನಾಗುತ್ತೆ ಬಿಡಮ್ಮ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು" ಅನ್ನುವ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸಂಕೋಚವನ್ನೂ ಬಿಟ್ಟಿದ್ದೇನೆ. ಪೊಟ್ಟಣ ತೆಗೆದುಕೊಂಡು, ಕುಂಕುಮ ಇಟ್ಟು, ಮಗನೆದುರೇ ಅದನ್ನು ಮೇಲಿನ ಕಪಾಟಿನಲ್ಲಿಡುತ್ತೇನೆ. ಕೈ ತೊಳೆದುಕೊಂಡೇ ಅವನನ್ನು ಮುಟ್ಟುವುದು.

ಕಳೆದ ಸಂಕ್ರಾಂತಿಗೆ ಮೂರನೇ ಮಹಡಿಯ ಅಜ್ಜಿ ಬಂದರು. ಕೈಯಲ್ಲಿ ಎರಡು ಪೊಟ್ಟಣ. ಒಂದರ ಮೇಲೆ ಪೆನ್ನಿನಲ್ಲಿ ಮಗನ ಹೆಸರು. ಒಳಗೆ ಬರೀ ಸಕ್ಕರೆ ಅಚ್ಚು, ಒಂದು ಗಿಳಿ, ಒಂದು ಆನೆ. "ಪಾಕ ಕಾಯಿಸೋಕೆ ಹೊಸ ಪಾತ್ರೆ ತಗೊಂಡೆ ಕಣಮ್ಮ" ಅಂದರು. ಮಗ ಮೊದಲು ನನ್ನ ಮುಖ ನೋಡಿದ. ನಾನು ತಲೆಯಾಡಿಸಿದೆ. ಆನೆಯ ಸೊಂಡಿಲಿನಿಂದ ಶುರುಮಾಡಿದ.